ವ್ಯವಹಾರಗಣಿತದ ಉದ್ದೇಶಕಗಳು: ಮಹಾವೀರಾಚಾರ್ಯನಿಂದ ಕೂಟಗಲ್ಲಿನ ರೇಷ್ಮೆಗೂಡಿನವರೆಗೆ

೧

ವಾಣಿಜ್ಯ, ಹಣಕಾಸು, ಲೆಕ್ಕಪತ್ರ, ಸಂಖ್ಯಾಶಾಸ್ತ್ರ ಇವನ್ನು ಕಾಲೇಜಿನಲ್ಲಿ ಕಲಿಯುವ ವಿದ್ಯಾರ್ಥಿಯು ಸಿದ್ಧಾಂತವನ್ನು ಓದುವುದಕ್ಕಿಂತ ಹೆಚ್ಚಿನ ಕಾಲವನ್ನು ಲೆಕ್ಕ ಮಾಡುವುದರಲ್ಲಿ ಕಳೆಯುತ್ತಾನೆ. ಸೂತ್ರವು ಒಂದು ಪುಟ, ಅಭ್ಯಾಸಗಳು ಹತ್ತು ಪುಟ. ಅಭ್ಯಾಸವಿಲ್ಲದೆ ಈ ವಿದ್ಯೆಗಳು ಕೈವಶವಾಗುವುದಿಲ್ಲವೆಂಬುದನ್ನು ಎಲ್ಲ ಅಧ್ಯಾಪಕರೂ ಬಲ್ಲರು. ಆದರೆ ಈ ಅಭ್ಯಾಸದ ಲೆಕ್ಕವೆಂಬುದಕ್ಕೆ ತನ್ನದೇ ಆದ ಒಂದು ಇತಿಹಾಸವುಂಟು, ಆ ಇತಿಹಾಸದ ಬಹುಭಾಗ ಕನ್ನಡ ನಾಡಿನಲ್ಲಿಯೇ ನಡೆದಿದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಇತಿಹಾಸವನ್ನು ಸಂಗ್ರಹವಾಗಿ ಪರಿಶೀಲಿಸಿ, ಅದರಿಂದ ಇಂದಿನ ತರಗತಿಗೆ ತಿಳಿದುಬರುವುದೇನೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ವಿಚಾರಕ್ಕೆ ಒಂದು ನೆಲೆ ಬೇಕು. ಅದಕ್ಕಾಗಿ ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯನ್ನೂ, ಅದರ ಸುತ್ತಣ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯನ್ನೂ ಆರಿಸಿಕೊಂಡಿದ್ದೇವೆ. ಇದು ರಾಗಿಯ, ಮಾವಿನ ಮತ್ತು ಮುಖ್ಯವಾಗಿ ಹಿಪ್ಪುನೇರಳೆಯ ನಾಡು. ಇಲ್ಲಿನ ಮನೆಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯು ಎರಡು ಬಗೆಯ ಲೆಕ್ಕಗಳ ನಡುವೆ ಬೆಳೆದವನು. ಊರಿನಲ್ಲಿ ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು. ಕಾಲೇಜಿನ ಪುಸ್ತಕದಲ್ಲಿ ಶೇಕಡಾ ಮೂರು ಎಂದರೆ ನೂರಕ್ಕೆ ವರ್ಷಕ್ಕೆ ಮೂರು. ಮೊದಲನೆಯದು ವರ್ಷಕ್ಕೆ ಶೇಕಡಾ ೩೬ ಆಯಿತು, ಎರಡನೆಯದು ೩ ಆಗಿಯೇ ಉಳಿಯಿತು. ಮಾತು ಒಂದೇ ಆದರೂ ಬೆಲೆ ಹನ್ನೆರಡು ಪಟ್ಟು ಬೇರೆ. ಊರಿನ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವ ಮೊದಲು ಅದು ಎಲ್ಲಿಂದ ಬಂದಿತೆಂದು ಕೇಳುವುದು ಯುಕ್ತವಾಗಿದೆ.

೨

ತಿಂಗಳ ಬಡ್ಡಿಯ ಕ್ರಮವು ಬಹು ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರವು ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವನ್ನು ಧರ್ಮ್ಯವಾದ ಬಡ್ಡಿಯೆಂದು ಹೇಳಿ, ವ್ಯಾಪಾರದ ಸಾಲಕ್ಕೆ ಐದು, ಕಾಡುದಾರಿಯ ವ್ಯಾಪಾರಕ್ಕೆ ಹತ್ತು, ಕಡಲ ವ್ಯಾಪಾರಕ್ಕೆ ಇಪ್ಪತ್ತು ಎಂದು ಅಪಾಯವು ಹೆಚ್ಚಿದಂತೆಲ್ಲ ದರವನ್ನು ಏರಿಸುತ್ತದೆ. ನಾಸಿಕದ ಗುಹೆಯಲ್ಲಿರುವ ಉಷವದಾತನ ಶಾಸನದಲ್ಲಿ, ಕ್ರಿಸ್ತಶಕ ಎರಡನೆಯ ಶತಮಾನದಷ್ಟು ಹಿಂದೆ, ಗೋವರ್ಧನದ ನೇಯ್ಗೆಯವರ ಶ್ರೇಣಿಗಳಲ್ಲಿ ೨೦೦೦ ಕಾರ್ಷಾಪಣಗಳನ್ನು ನೂರಕ್ಕೆ ಒಂದರಂತೆಯೂ ೧೦೦೦ ಕಾರ್ಷಾಪಣಗಳನ್ನು ನೂರಕ್ಕೆ ಮುಕ್ಕಾಲರಂತೆಯೂ ಇರಿಸಿದುದು ದಾಖಲಾಗಿದೆ. ಅಲ್ಲಿಯೂ ಅಳತೆಯ ಕಾಲ ತಿಂಗಳೇ. ಕೂಟಗಲ್ಲಿನ ರೈತನು ‘ಮೂರು ರೂಪಾಯಿ’ ಎಂದಾಗ ಅವನು ತಪ್ಪು ಮಾತನಾಡುತ್ತಿಲ್ಲ. ಎರಡು ಸಾವಿರ ವರ್ಷಗಳ ಮರ್ಯಾದೆಯಲ್ಲಿ ಮಾತನಾಡುತ್ತಿದ್ದಾನೆ.

ಈ ಮರ್ಯಾದೆಯನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟವರಲ್ಲಿ ನಮ್ಮ ನಾಡಿಗೆ ಅಗ್ರಗಣ್ಯನಾದವನು ಮಹಾವೀರಾಚಾರ್ಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಈ ಜೈನ ವಿದ್ವಾಂಸನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಮೂಲವನ್ನು ಪ್ರಕಟಿಸಿದ ಮೇಲೆ ಆಧುನಿಕ ವಿದ್ವಾಂಸರಿಗೆ ಅದು ಸುಲಭವಾಗಿ ದೊರೆಯುವಂತಾಯಿತು.

ಗ್ರಂಥದ ಆರನೆಯ ಅಧ್ಯಾಯವಾದ ಮಿಶ್ರಕವ್ಯವಹಾರವು ಇಂದಿನ ವಾಣಿಜ್ಯಗಣಿತದ ಪಾಠಪಟ್ಟಿಯನ್ನು ಬಹುಮಟ್ಟಿಗೆ ಒಳಗೊಂಡಿದೆ. ಮೂಲಧನ, ವೃದ್ಧಿ, ಕಾಲ ಇವುಗಳಲ್ಲಿ ಎರಡು ಬೆರೆತು ಬಂದಾಗ ಅವನ್ನು ಬಿಡಿಸುವ ಬಗೆ, ಬೇರೆ ಬೇರೆ ದರಕ್ಕೆ ಕೊಟ್ಟ ಸಾಲಗಳ ಬಡ್ಡಿಯನ್ನು ಸಮಮಾಡುವ ಬಗೆ, ಪಾಲುದಾರರ ಹಣಕ್ಕೆ ತಕ್ಕಂತೆ ಲಾಭವನ್ನು ಹಂಚುವ ಪ್ರಕ್ಷೇಪಕ ಕುಟ್ಟೀಕಾರ, ಬೇರೆ ಬೇರೆ ಬಣ್ಣದ ಚಿನ್ನವನ್ನು ಕರಗಿಸಿ ಸೇರಿಸಿದಾಗ ಬರುವ ಬಣ್ಣವನ್ನು ತಿಳಿಯುವ ಸುವರ್ಣ ಕುಟ್ಟೀಕಾರ, ಇವೆಲ್ಲ ಅಲ್ಲಿವೆ. ನಿರೂಪಣೆಯ ಕ್ರಮವೂ ಗಮನಾರ್ಹವಾದುದು. ಮೊದಲು ಕರಣಸೂತ್ರ, ಅದರ ಬೆನ್ನಿಗೆ ಉದ್ದೇಶಕ. ಉದ್ದೇಶಕವೆಂದರೆ ಓದುಗನಿಗೆ ಒಡ್ಡಿದ ಲೆಕ್ಕ. ನಮ್ಮ ಪಠ್ಯಪುಸ್ತಕದ ‘ಅಭ್ಯಾಸ’ವೇ ಅದು. ಗಣಕನಿಗೆ ಇರಬೇಕಾದ ಗುಣಗಳನ್ನು ಎಣಿಸುವಾಗ ಮಹಾವೀರನು ಲಘುಕರಣ, ಊಹ, ಅಪೋಹ, ಗ್ರಹಣ, ಧಾರಣ ಮೊದಲಾದುವುಗಳ ಜೊತೆಗೆ ಅನಾಲಸ್ಯವನ್ನೂ ಸೇರಿಸುತ್ತಾನೆ. ಸೋಮಾರಿತನವಿಲ್ಲದಿರುವುದನ್ನು ಬುದ್ಧಿಯ ಗುಣಗಳ ಸಾಲಿನಲ್ಲಿ ಇರಿಸಿದ್ದು ಬೋಧಕನ ಅನುಭವದಿಂದ ಬಂದ ಮಾತಾಗಿ ತೋರುತ್ತದೆ.

ಈ ವಿದ್ಯೆಯನ್ನು ಕನ್ನಡದಲ್ಲಿ ಹೇಳಿದವನು ಹನ್ನೆರಡನೆಯ ಶತಮಾನದ ರಾಜಾದಿತ್ಯ. ಪೂವಿನಬಾಗೆಯವನಾದ ಈ ಜೈನ ಕವಿಯು ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ ಮೊದಲಾದ ಗ್ರಂಥಗಳನ್ನು ಬರೆದನೆಂದು ಆರ್. ನರಸಿಂಹಾಚಾರ್ಯರ ಕವಿಚರಿತೆಯು ತಿಳಿಸುತ್ತದೆ. ಕನ್ನಡದಲ್ಲಿ ದೊರೆತಿರುವ ಗಣಿತಗ್ರಂಥಗಳಲ್ಲಿ ಇವನವೇ ಮೊದಲಿನವು. ಸೂತ್ರವನ್ನು ಪದ್ಯದಲ್ಲಿ ಹೇಳಿ, ಟೀಕೆಯನ್ನೂ ಉದಾಹರಣೆಯನ್ನೂ ಕೂಡಿಸುವುದು ಇವನ ಪದ್ಧತಿ. ಹೆಸರುಗಳನ್ನೇ ನೋಡಿದರೂ ಸಾಕು: ‘ವ್ಯವಹಾರ’ ಎಂಬುದು ಎರಡು ಕೃತಿಗಳ ಶಿರೋನಾಮೆಯಲ್ಲಿದೆ, ‘ಹಸುಗೆ’ ಎಂದರೆ ಹಂಚಿಕೆ. ಲೆಕ್ಕವನ್ನು ಕಲಿಯುವವನು ಕೊಡುಕೊಳ್ಳುವಿಕೆಯ ನಡುವೆ ನಿಲ್ಲುವವನೆಂಬ ಗ್ರಹಿಕೆ ಇಲ್ಲಿ ಸ್ಪಷ್ಟವಾಗಿದೆ.

೩

ಇಂತಹ ಲೆಕ್ಕಗಳನ್ನು ಇತಿಹಾಸದ ಆಧಾರವಾಗಿ ಬಳಸಬಹುದೆ? ಇಲ್ಲಿ ಎಚ್ಚರಿಕೆ ಬೇಕು. ಗಣಿತಗ್ರಂಥದಲ್ಲಿ ಬಡ್ಡಿಯ ದರ ಐದು ಎಂದಿದ್ದರೆ ಆ ಕಾಲದಲ್ಲಿ ದರವು ಐದೇ ಇದ್ದಿತೆಂದು ಹೇಳಲಾಗದು. ಉದ್ದೇಶಕದ ಸಂಖ್ಯೆಗಳನ್ನು ಕರ್ತೃವು ಉತ್ತರದಿಂದ ಹಿಂದಕ್ಕೆ ನಡೆದು ಕಟ್ಟಿರುತ್ತಾನೆ.

ಇದಕ್ಕೆ ಶ್ರೀಧರನ ಪಾಟೀಗಣಿತದಲ್ಲಿರುವ ಒಂದು ಲೆಕ್ಕ ಒಳ್ಳೆಯ ನಿದರ್ಶನ. ಶ್ರೀಧರನ ಕಾಲವನ್ನು ವಿದ್ವಾಂಸರು ಎಂಟು, ಒಂಬತ್ತನೆಯ ಶತಮಾನಗಳಲ್ಲಿ ಇರಿಸುತ್ತಾರೆ. ಲೆಕ್ಕದ ಸಾರಾಂಶವಿಷ್ಟು: ನೂರಕ್ಕೆ ತಿಂಗಳಿಗೆ ಬಡ್ಡಿ ಐದು, ಹೊಣೆಗಾರನಿಗೆ ಒಂದು, ಲೆಕ್ಕಿಗನಿಗೆ ಅರ್ಧ, ಬರೆದವನಿಗೆ ಕಾಲು. ಒಂದು ವರ್ಷದ ಕೊನೆಗೆ ಅಸಲೂ ಇವೆಲ್ಲವೂ ಸೇರಿ ೯೦೫ ಆಯಿತು. ಅಸಲೆಷ್ಟು, ಯಾರಿಗೆ ಎಷ್ಟು ಸಂದಿತು? ನೂರಕ್ಕೆ ತಿಂಗಳಿಗೆ ಒಟ್ಟು ಆರೂಮುಕ್ಕಾಲು, ವರ್ಷಕ್ಕೆ ಎಂಬತ್ತೊಂದು. ಆದುದರಿಂದ ನೂರು ರೂಪದ ಅಸಲು ನೂರ ಎಂಬತ್ತೊಂದಾಗುತ್ತದೆ. ೯೦೫ನ್ನು ೧೮೧ರಿಂದ ಭಾಗಿಸಿದರೆ ಐದು, ಅಸಲು ೫೦೦. ಬಡ್ಡಿ ೩೦೦, ಹೊಣೆಗಾರನಿಗೆ ೬೦, ಲೆಕ್ಕಿಗನಿಗೆ ೩೦, ಬರೆದವನಿಗೆ ೧೫. ಎಲ್ಲವೂ ಪೂರ್ಣಸಂಖ್ಯೆಗಳು. ೯೦೫ ಎಂಬ ಮೊತ್ತ ಯಾವ ಸಾಲಗಾರನ ಮನೆಯಿಂದಲೂ ಬಂದುದಲ್ಲ, ಐದುನೂರರಿಂದ ಕಟ್ಟಿದುದೆಂಬುದು ಇದರಿಂದ ಗೊತ್ತಾಗುತ್ತದೆ.

ಹಾಗಾದರೆ ಈ ಲೆಕ್ಕದಲ್ಲಿ ಚರಿತ್ರೆಯೇ ಇಲ್ಲವೆ? ಇದೆ, ಸಂಖ್ಯೆಯಲ್ಲಿ ಅಲ್ಲ, ಸಂಬಂಧದಲ್ಲಿ. ಸಾಲವೆಂಬುದು ಕೊಟ್ಟವನಿಗೂ ಕೊಂಡವನಿಗೂ ಮಾತ್ರ ಸೇರಿದ ವಿಷಯವಾಗಿರಲಿಲ್ಲ. ನಡುವೆ ಹೊಣೆಗಾರನೂ ಲೆಕ್ಕಿಗನೂ ಪತ್ರ ಬರೆಯುವವನೂ ನಿಂತಿದ್ದರು, ಪ್ರತಿಯೊಬ್ಬನಿಗೂ ಪಾಲಿತ್ತು, ಆ ಪಾಲನ್ನು ಸಾಲಗಾರನೇ ಹೊರುತ್ತಿದ್ದನು. ಕರ್ತೃವು ಸಂಖ್ಯೆಯನ್ನು ಕಲ್ಪಿಸಬಲ್ಲನು. ಓದುಗರಿಗೆ ಪರಿಚಯವಿಲ್ಲದ ವ್ಯವಹಾರವನ್ನು ಕಲ್ಪಿಸಿದರೆ ಲೆಕ್ಕವೇ ಅರ್ಥವಾಗದು. ಆದುದರಿಂದ ಉದ್ದೇಶಕದ ಅಂಕಿಗಳನ್ನು ನಂಬದೆ ಅದರ ಪಾತ್ರಗಳನ್ನು ನಂಬುವುದು ಇತಿಹಾಸಕಾರನಿಗೆ ಸರಿಯಾದ ಮಾರ್ಗವೆಂದು ನಮ್ಮ ಅಭಿಪ್ರಾಯ.

ಈ ಲೆಕ್ಕವು ಇನ್ನೊಂದನ್ನೂ ಕಲಿಸುತ್ತದೆ. ಸಾಲಗಾರನು ಬಾಯಲ್ಲಿ ಕೇಳುವ ದರ ಐದು. ಕೈಯಿಂದ ತೆರುವ ದರ ಆರೂಮುಕ್ಕಾಲು. ಹೇಳಿದ ದರಕ್ಕೂ ತೆತ್ತ ದರಕ್ಕೂ ಇರುವ ಅಂತರವನ್ನು ಬಯಲಿಗೆ ತರುವುದೇ ಈ ಉದ್ದೇಶಕದ ಕೆಲಸ. ಭಾರತೀಯ ರಿಸರ್ವ್ ಬ್ಯಾಂಕು ೨೦೨೪ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಆ ವರ್ಷದ ಅಕ್ಟೋಬರ್ ೧ರಿಂದ ಕೊಡುವ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿಸಾಲಗಳಿಗೂ ಮುಖ್ಯಾಂಶಗಳ ಪತ್ರವೊಂದನ್ನು ಕೊಟ್ಟು, ಬಡ್ಡಿಯ ಜೊತೆಗೆ ಇತರ ವೆಚ್ಚಗಳನ್ನೂ ಸೇರಿಸಿದ ವಾರ್ಷಿಕ ಶೇಕಡಾ ದರವನ್ನು ಅದರಲ್ಲಿ ತಿಳಿಸಬೇಕು. ಶ್ರೀಧರನು ವಿದ್ಯಾರ್ಥಿಗೆ ಒಡ್ಡಿದ ಪ್ರಶ್ನೆಯನ್ನು ಈ ಸುತ್ತೋಲೆಯು ಸಾಲ ಕೊಡುವವರಿಗೆ ಒಡ್ಡಿದೆ.

೪

ಗ್ರಂಥಗಳಿಂದ ಶಾಸನಗಳಿಗೆ ಬಂದರೆ ಅಂಕಿಗಳೂ ನಿಜವಾಗುತ್ತವೆ. ಅಸಲನ್ನು ಮುಟ್ಟದೆ ಬಡ್ಡಿಯಿಂದಲೇ ಧರ್ಮವನ್ನು ನಡೆಸುವ ಅಕ್ಷಯನಿಧಿಯ ಪದ್ಧತಿ ಕರ್ಣಾಟಕದ ಶಾಸನಗಳಲ್ಲಿ ಹೇರಳವಾಗಿ ಕಂಡುಬರುತ್ತದೆ. ಶ್ರವಣಬೆಳಗೊಳದ ದತ್ತಿಶಾಸನಗಳಲ್ಲಿ ಗೊಮ್ಮಟಸ್ವಾಮಿಯ ಅಭಿಷೇಕದ ಹಾಲಿಗೆಂದು ಗದ್ಯಾಣಗಳನ್ನು ಇರಿಸಿ, ಅದರ ಬಡ್ಡಿಯಿಂದ ನಿತ್ಯವೂ ಇಷ್ಟು ಹಾಲನ್ನು ಅಳೆಯಬೇಕೆಂದು ವಿಧಿಸಿರುವುದುಂಟು. ನಮ್ಮ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ೧೯೦೫ರಲ್ಲಿ ಪ್ರಕಟಿಸಿದರು. ಚನ್ನಪಟ್ಟಣ, ಮಾಗಡಿ, ಅಂದು ಕಾನಕಾನಹಳ್ಳಿ ಎನಿಸಿದ್ದ ಕನಕಪುರ ಇವುಗಳ ಶಾಸನಗಳು ಅಲ್ಲಿ ದೊರೆಯುತ್ತವೆ.

ಶಾಸನದ ನಾಣ್ಯಪದ್ಧತಿಯಿಂದ ಒಂದು ಅಭ್ಯಾಸವನ್ನು ಕಟ್ಟಬಹುದು. ಹೊಯ್ಸಳರ ಕಾಲದಲ್ಲಿ ಗದ್ಯಾಣಕ್ಕೆ ಹತ್ತು ಪಣ, ಪಣಕ್ಕೆ ನಾಲ್ಕು ಹಾಗ. ಗದ್ಯಾಣಕ್ಕೆ ತಿಂಗಳಿಗೆ ಒಂದು ಹಾಗ ಬಡ್ಡಿಯೆಂದು ಇಟ್ಟುಕೊಂಡರೆ ವರ್ಷಕ್ಕೆ ಶೇಕಡಾ ಎಷ್ಟು? ಗದ್ಯಾಣವೊಂದರಲ್ಲಿ ನಲವತ್ತು ಹಾಗ. ವರ್ಷಕ್ಕೆ ಬಡ್ಡಿ ಹನ್ನೆರಡು ಹಾಗ. ಆದುದರಿಂದ ಶೇಕಡಾ ೩೦. ಉತ್ತರ ಸುಲಭ. ಆದರೆ ವಿದ್ಯಾರ್ಥಿಯು ಇದನ್ನು ಮಾಡುವಾಗ ತಾನು ಕೇಳಿ ಬೆಳೆದ ‘ಮೂರು ರೂಪಾಯಿ’ಯ ವಾರ್ಷಿಕ ೩೬ನ್ನು ಪಕ್ಕದಲ್ಲಿರಿಸಿ ನೋಡದೆ ಇರನು. ಅಲ್ಲಿಂದಲೇ ಚರಿತ್ರೆಯ ಪಾಠವು ಮೊದಲಾಗುತ್ತದೆ.

೫

ಶಾಸನಗಳ ತರುವಾಯ, ಮೈಸೂರು ಅರಸರ ಕಾಲಕ್ಕೆ ಬಂದರೆ, ಲೆಕ್ಕದ ಸಾಧನವಾಗಿ ಕಾಣುವುದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಶಾನುಭೋಗನ ಲೆಕ್ಕವೂ ಅಂಗಡಿಯ ಲೆಕ್ಕವೂ ಇದರಲ್ಲಿಯೇ. ಒರೆಸಿ ಮತ್ತೆ ಬರೆಯಬಹುದಾದ ಈ ಪುಸ್ತಕಕ್ಕೆ ಅನುಕೂಲವೂ ಇತ್ತು, ಅಪಾಯವೂ ಇತ್ತು. ಓದಲು ಬಾರದವನ ಬಾಕಿಯು ಬರೆದವನ ಕೈಯಲ್ಲಿತ್ತು.

ಮಠದಲ್ಲಿ ಐಗಳು ಬಾಯಿಪಾಠ ಮಾಡಿಸುತ್ತಿದ್ದ ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಳೆಯ ಭಾಗಗಳೆಲ್ಲ ಅರ್ಧದ ಅರ್ಧವಾಗಿ ಇಳಿಯುವಂಥವು: ಅರೆ, ಕಾಲು, ಅರೆಕಾಲು, ವೀಸ. ವೀಸವೆಂದರೆ ಹದಿನಾರನೆಯ ಒಂದು ಪಾಲು. ಶುದ್ಧವಾದ ಚಿನ್ನಕ್ಕೆ ಹದಿನಾರು ಬಣ್ಣ, ರೂಪಾಯಿಗೆ ಹದಿನಾರು ಆಣೆ. ಆದುದರಿಂದ ಮಗ್ಗಿಯನ್ನು ಬಲ್ಲ ಹುಡುಗನು ಸಂತೆಯಲ್ಲಿ ಕಾಗದವಿಲ್ಲದೆ ಲೆಕ್ಕ ಹಾಕಬಲ್ಲವನಾಗಿದ್ದನು. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು ರೂಪಾಯಿಯು ನೂರು ಪೈಸೆಯಾಯಿತು; ಬಳಿಕ ತೂಕ ಅಳತೆಗಳೂ ಮೆಟ್ರಿಕ್ ಕ್ರಮಕ್ಕೆ ಬಂದವು. ದೇಶಕ್ಕೆ ಇದು ಅಗತ್ಯವಾಗಿದ್ದ ಸುಧಾರಣೆ. ಅದರೊಡನೆ ಅರೆ ಕಾಲುಗಳ ಮಗ್ಗಿಯು ಶಾಲೆಯಿಂದ ಹೊರಟುಹೋಯಿತು. ಹೋದುದು ಮಗ್ಗಿಯೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಲೆಕ್ಕವೆಂದರೆ ಸಂತೆಯಲ್ಲಿ ಮೋಸಹೋಗದಿರುವ ಉಪಾಯವೆಂಬ ತಿಳಿವಳಿಕೆಯೂ ಬಹುಮಟ್ಟಿಗೆ ಹೋಯಿತು. ಕಾಲೇಜಿನ ವಾಣಿಜ್ಯಪಾಠಗಳು ಇಂಗ್ಲಿಷ್ ಪಠ್ಯಪುಸ್ತಕಗಳನ್ನು ಅನುಸರಿಸಿ ಬಂದುದರಿಂದ ಅಭ್ಯಾಸದ ಲೆಕ್ಕಗಳಲ್ಲಿ ದೂರದ ಕಂಪನಿಗಳೂ ಅಪರಿಚಿತ ಸರಕುಗಳೂ ತುಂಬಿಕೊಂಡವು. ಊರಿನ ಸಾಲ ಮತ್ತು ಸರಕು ತರಗತಿಯ ಹೊರಗೆ ಉಳಿದವು.

೬

ಆ ಊರಿನ ಸರಕನ್ನು ಈಗ ತರಗತಿಯೊಳಕ್ಕೆ ತಂದು ನೋಡೋಣ. ಮೈಸೂರು ಸೀಮೆಗೆ ರೇಷ್ಮೆ ಸಾಕಣೆಯನ್ನು ತರಿಸಿ ಪ್ರೋತ್ಸಾಹಿಸಿದವನು ಟೀಪು ಸುಲ್ತಾನ್, ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ. ಚನ್ನಪಟ್ಟಣದಲ್ಲಿ ೧೯೩೬ರಲ್ಲಿ ಸ್ಪನ್ ಸಿಲ್ಕ್ ಗಿರಣಿ ಸ್ಥಾಪನೆಯಾಯಿತು. ೧೯೫೯ರ ರೇಷ್ಮೆ ಬಿತ್ತನೆ ಹಾಗೂ ಗೂಡು ನಿಯಂತ್ರಣ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳು ರೈತನ ಗೂಡನ್ನು ಮನೆಬಾಗಿಲಿನ ವ್ಯಾಪಾರದಿಂದ ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ತಂದವು. ರಾಮನಗರದ ಗೂಡಿನ ಮಾರುಕಟ್ಟೆಯು ಏಷ್ಯದಲ್ಲಿಯೇ ಹಿರಿದೆಂದು ಹೆಸರು ಪಡೆಯಿತು. ಗೂಡನ್ನು ಕೊಳ್ಳುವ ರೀಲರು ಅದನ್ನು ಬೇಯಿಸಿ ನೂಲು ಬಿಚ್ಚುತ್ತಾನೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕೆಂಬ ಪ್ರಮಾಣಕ್ಕೆ ರೆಂಡಿಟ್ಟ ಎಂದು ಹೆಸರು. ಈ ಸಂಖ್ಯೆ ಕಡಮೆಯಾದಷ್ಟೂ ಗೂಡು ಉತ್ತಮವಾದುದು. ವ್ಯಾಪಾರದ ಎಲ್ಲ ಲೆಕ್ಕವೂ ಈ ಸಂಖ್ಯೆಯ ಸುತ್ತ ತಿರುಗುತ್ತದೆ.

ಅಭ್ಯಾಸಕ್ಕಾಗಿ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಒಂದು ರಾಶಿಯ ಗೂಡು ಕಿಲೋಗೆ ೬೦೦ ರೂಪಾಯಿ, ರೆಂಡಿಟ್ಟ ೬. ಇನ್ನೊಂದು ರಾಶಿ ಕಿಲೋಗೆ ೪೮೦ ರೂಪಾಯಿ, ರೆಂಡಿಟ್ಟ ೮. ಯಾವುದು ಅಗ್ಗ? ಒಂದು ಕಿಲೋ ರೇಷ್ಮೆಗೆ ಮೊದಲನೆಯದರಲ್ಲಿ ೩,೬೦೦ ರೂಪಾಯಿಯ ಗೂಡು, ಎರಡನೆಯದರಲ್ಲಿ ೩,೮೪೦ ರೂಪಾಯಿಯ ಗೂಡು. ಅಗ್ಗವಾಗಿ ಕಂಡುದೇ ದುಬಾರಿ.

ಮುಂದಿನ ಪ್ರಶ್ನೆ ಸೂಕ್ಷ್ಮವಾದುದು. ಎರಡು ರಾಶಿಗಳನ್ನೂ ಕೊಂಡರೆ ಒಟ್ಟಿನ ರೆಂಡಿಟ್ಟ ಎಷ್ಟು? ಆರಕ್ಕೂ ಎಂಟಕ್ಕೂ ನಡುವೆ ಏಳು ಎಂದು ವಿದ್ಯಾರ್ಥಿಯು ಕೂಡಲೇ ಹೇಳುತ್ತಾನೆ. ಒಂದೊಂದರಲ್ಲಿ ೧೨೦ ಕಿಲೋ ಕೊಂಡನೆನ್ನಿ. ಮೊದಲನೆಯದರಿಂದ ೨೦ ಕಿಲೋ ರೇಷ್ಮೆ, ಎರಡನೆಯದರಿಂದ ೧೫ ಕಿಲೋ. ೨೪೦ ಕಿಲೋ ಗೂಡಿಗೆ ೩೫ ಕಿಲೋ ರೇಷ್ಮೆ. ರೆಂಡಿಟ್ಟ ಸುಮಾರು ೬.೮೬. ಮೊದಲನೆಯದರಲ್ಲಿ ೬೦ ಕಿಲೋ, ಎರಡನೆಯದರಲ್ಲಿ ೮೦ ಕಿಲೋ ಕೊಂಡಿದ್ದರೆ ಎರಡರಿಂದಲೂ ಹತ್ತು ಹತ್ತು ಕಿಲೋ ರೇಷ್ಮೆ ಬಂದು ರೆಂಡಿಟ್ಟ ಸರಿಯಾಗಿ ೭ ಆಗುತ್ತಿತ್ತು. ಗೂಡು ಸಮವಾದಾಗ ಹರಾತ್ಮಕ ಸರಾಸರಿ, ರೇಷ್ಮೆ ಸಮವಾದಾಗ ಸಾಮಾನ್ಯ ಸರಾಸರಿ. ಯಾವ ಸರಾಸರಿಯನ್ನು ಎಲ್ಲಿ ಬಳಸಬೇಕೆಂಬ ನಿಯಮವನ್ನು ಸಂಖ್ಯಾಶಾಸ್ತ್ರದ ಪುಸ್ತಕಗಳು ಪಟ್ಟಿಮಾಡುತ್ತವೆ, ವಿದ್ಯಾರ್ಥಿಗಳು ಅದನ್ನು ಮರೆಯುತ್ತಾರೆ. ಗೂಡಿನ ರಾಶಿಯ ಮುಂದೆ ನಿಂತವನು ಅದನ್ನು ಮರೆಯಲಾರ.

ಈ ಚಿಂತನೆಯೂ ನಮಗೆ ಹೊಸದಲ್ಲ. ಸುವರ್ಣ ಕುಟ್ಟೀಕಾರದ ಕ್ರಮವು ತೂಕದ ಸರಾಸರಿಯೇ: ಹದಿನಾಲ್ಕು ಬಣ್ಣದ ಚಿನ್ನ ನಾಲ್ಕು ತೂಕ, ಒಂಬತ್ತು ಬಣ್ಣದ್ದು ಆರು ತೂಕ ಕೂಡಿಸಿ ಕರಗಿಸಿದರೆ, ೫೬ಕ್ಕೆ ೫೪ನ್ನು ಕೂಡಿಸಿ ಹತ್ತರಿಂದ ಭಾಗಿಸಬೇಕು, ಬಣ್ಣ ಹನ್ನೊಂದು. ಖಾತವ್ಯವಹಾರದಲ್ಲಿ, ಎಂದರೆ ಅಗೆದ ಗುಂಡಿಯ ಲೆಕ್ಕದಲ್ಲಿ, ಉದ್ದ ಅಗಲ ಆಳಗಳು ಎಲ್ಲೆಡೆಯೂ ಸಮವಾಗಿಲ್ಲದಾಗ ಹಲವು ಕಡೆ ಅಳೆದು, ಕೂಡಿಸಿ, ಅಳೆದ ಸ್ಥಾನಗಳ ಸಂಖ್ಯೆಯಿಂದ ಭಾಗಿಸಬೇಕೆಂದು ಭಾಸ್ಕರಾಚಾರ್ಯನು ೧೧೫೦ರ ಲೀಲಾವತಿಯಲ್ಲಿ ಹೇಳಿದ್ದಾನೆ. ಹದಿನಾರನೆಯ ಶತಮಾನದ ವ್ಯಾಖ್ಯಾನಕಾರ ಗಣೇಶ ದೈವಜ್ಞನು ಒಂದು ಹೆಜ್ಜೆ ಮುಂದೆ ಹೋಗಿ, ಅಳೆಯುವ ಸ್ಥಾನಗಳು ಹೆಚ್ಚಿದಷ್ಟೂ ಸರಾಸರಿಯು ನಿಜಕ್ಕೆ ಹತ್ತಿರವಾಗುವುದೆಂದು ವಿವರಿಸುತ್ತಾನೆ. ಮಾದರಿಗಳ ಸಂಖ್ಯೆಗೂ ನಿಷ್ಕೃಷ್ಟತೆಗೂ ಇರುವ ಸಂಬಂಧವನ್ನು ಒಬ್ಬ ಗುಂಡಿ ಅಗೆಸುವವನಿಗೆ ತಿಳಿಯುವ ಮಾತಿನಲ್ಲಿ ಹೇಳಿದಂತಾಯಿತು.

ಮಾರುಕಟ್ಟೆಯಲ್ಲಿ ಈ ಪ್ರಶ್ನೆ ಹರಾಜು ನಡೆದಾಗಲೆಲ್ಲ ಏಳುತ್ತದೆ. ಕೊಳ್ಳುವವನು ಹರಡಿದ ಗೂಡಿನಿಂದ ಒಂದು ಹಿಡಿಯನ್ನು ಎತ್ತಿ, ಅಮುಕಿ, ಅಲುಗಿಸಿ ಬೆಲೆಯನ್ನು ನಿಶ್ಚಯಿಸುತ್ತಾನೆ. ಆ ಹಿಡಿಯು ಮೇಲಿನಿಂದ ಬಂದುದೆ, ತಳದಿಂದ ಬಂದುದೆ? ಜೋಡಿಗೂಡುಗಳೂ ಕಲೆಬಿದ್ದ ಗೂಡುಗಳೂ ಎಲ್ಲೆಡೆಯೂ ಸಮವಾಗಿ ಬೆರೆತಿವೆಯೆ? ಮೇಲ್ಭಾಗದ ಹಿಡಿಯೊಂದರಿಂದಲೇ ತೀರ್ಮಾನಿಸಿದರೆ ಒಮ್ಮೆ ಕೊಂಡವನಿಗೆ ನಷ್ಟ, ಒಮ್ಮೆ ಮಾರಿದವನಿಗೆ ನಷ್ಟ. ಯಾದೃಚ್ಛಿಕ ಮಾದರಿ ಎಂಬ ಕಠಿನವಾದ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ಕೂಟಗಲ್ಲಿನ ವಿದ್ಯಾರ್ಥಿಗೆ ಕೊಡುವುದು ಕಷ್ಟ.

೭

ಲೆಕ್ಕಪತ್ರದ ವಿಷಯದಲ್ಲಿಯೂ ಹೀಗೆಯೇ. ಬೆಳೆಯ ಕೊನೆಗೆ ರೈತನಿಗೆ ಗೂಡಿನಿಂದ ೪೦,೦೦೦ ರೂಪಾಯಿ ಬಂದಿತು, ಕೈಯಿಂದ ಕೊಟ್ಟ ಖರ್ಚು ೧೬,೦೦೦ ಎನ್ನಿ. ಲಾಭ ೨೪,೦೦೦ ಎಂದು ಅವನು ತಿಳಿಯುತ್ತಾನೆ. ಸ್ವಂತ ತೋಟದ ಸೊಪ್ಪಿಗೆ ೧೨,೦೦೦, ಮನೆಯವರು ದುಡಿದ ಐವತ್ತು ಆಳಿಗೆ ಮುನ್ನೂರರಂತೆ ೧೫,೦೦೦ ಬರೆದರೆ ಲಾಭವು ಹೋಗಿ ೩,೦೦೦ ನಷ್ಟವಾಗುತ್ತದೆ. ಎರಡು ಲೆಕ್ಕಗಳಲ್ಲಿಯೂ ಕೂಡುವುದು ಕಳೆಯುವುದು ಸರಿಯಾಗಿಯೇ ಇದೆ. ಯಾವುದನ್ನು ಖರ್ಚೆಂದು ಬರೆಯಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಸೊಪ್ಪು ಕೊಯ್ದು, ಹುಳುವಿಗೆ ಹಗಲಿರುಳೂ ಮೇವು ಹಾಕಿದ ಮನೆಯ ಹೆಂಗಸರ ದುಡಿಮೆಯು ಮೊದಲನೆಯ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು 'ಕೈಯಿಂದ ಕೊಟ್ಟ ಖರ್ಚು', 'ಅದಕ್ಕೆ ಮನೆಯವರ ದುಡಿಮೆ ಸೇರಿಸಿದ ಖರ್ಚು', 'ಸ್ವಂತ ನೆಲದ ಗೇಣಿ ಮತ್ತು ಬಂಡವಾಳದ ಬಡ್ಡಿಯನ್ನೂ ಸೇರಿಸಿದ ಸಮಗ್ರ ಖರ್ಚು' ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕುವುದು ಈ ಕಾರಣದಿಂದಲೇ. ಎಂ. ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗವು ೨೦೦೪ರಿಂದ ೨೦೦೬ರವರೆಗೆ ವರದಿಗಳನ್ನು ಕೊಟ್ಟ ಮೇಲೆ ಬೆಂಬಲಬೆಲೆಯನ್ನು ಕುರಿತು ನಡೆದ ದೀರ್ಘವಾದ ವಾದವು ಯಾವ ಖರ್ಚಿನ ಮೇಲೆ ಅರ್ಧಪಾಲು ಸೇರಿಸಬೇಕು ಎಂಬ ಒಂದು ಜಮಾಖರ್ಚಿನ ಪ್ರಶ್ನೆಯನ್ನೇ ಕೇಂದ್ರವಾಗಿ ಉಳ್ಳದ್ದು.

ಕೊನೆಯದಾಗಿ ಸಾಲ. ಕಂತುಸಾಲದ ಲೆಕ್ಕವೊಂದನ್ನು ನೋಡೋಣ. ೧೦,೦೦೦ ರೂಪಾಯಿಗೆ ವರ್ಷಕ್ಕೆ ಶೇಕಡಾ ೧೨ರಂತೆ ೧,೨೦೦ ಬಡ್ಡಿ ಸೇರಿಸಿ, ಒಟ್ಟು ೧೧,೨೦೦ನ್ನು ಹನ್ನೆರಡು ಸಮಕಂತುಗಳಲ್ಲಿ ವಸೂಲು ಮಾಡುತ್ತಾರೆ. ದರವು ಹನ್ನೆರಡೇ ಎನ್ನಿಸುತ್ತದೆ. ಆದರೆ ಹತ್ತು ಸಾವಿರವು ವರ್ಷವಿಡೀ ಸಾಲಗಾರನ ಕೈಯಲ್ಲಿ ಇರುವುದಿಲ್ಲ. ತಿಂಗಳು ತಿಂಗಳೂ ಕರಗುತ್ತ ಬರುತ್ತದೆ. ಮೊದಲ ತಿಂಗಳು ಬಾಕಿ ೧೦,೦೦೦, ಕೊನೆಯ ತಿಂಗಳು ಸುಮಾರು ೮೩೩. ನಡುವಿನವು ಸಮಾನಾಂತರ ಶ್ರೇಢಿಯಲ್ಲಿ ಇಳಿಯುತ್ತವೆಂದು ಹಿಡಿದರೆ ಹನ್ನೆರಡು ತಿಂಗಳ ಬಾಕಿಗಳ ಮೊತ್ತ ೬೫,೦೦೦. ಅಷ್ಟಕ್ಕೆ ಬಡ್ಡಿ ೧,೨೦೦ ಎಂದರೆ ತಿಂಗಳಿಗೆ ನೂರಕ್ಕೆ ೧.೮೫, ವರ್ಷಕ್ಕೆ ೨೨ಕ್ಕೆ ಸ್ವಲ್ಪ ಮೇಲೆ. ಪ್ರತಿ ತಿಂಗಳೂ ನಿಂತ ಬಾಕಿಯ ಮೇಲೆಯೇ ಬಡ್ಡಿ ಹಿಡಿಯುವ ನಿಷ್ಕೃಷ್ಟ ಕ್ರಮದಲ್ಲಿ ಇದು ಸುಮಾರು ೨೧.೫ ಆಗುತ್ತದೆ. ಹೇಳಿದುದು ಹನ್ನೆರಡು, ತೆತ್ತುದು ಅದಕ್ಕೆ ಹೆಚ್ಚುಕಡಮೆ ಇಮ್ಮಡಿ. ಧನವನ್ನು ಕಾಲದಿಂದ ಗುಣಿಸಿ ಬಡ್ಡಿಯನ್ನು ಅಳೆಯುವ ಈ ವಿಧಾನ ಮಿಶ್ರಕವ್ಯವಹಾರವನ್ನು ಓದಿದವನಿಗೆ ಹೊಸದಲ್ಲ.

ಇದು ಬರಿಯ ಬುದ್ಧಿಯ ಕಸರತ್ತಲ್ಲ. ೧೯೦೫ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದುದು ರೈತನನ್ನು ಖಾಸಗಿ ಸಾಲದಿಂದ ಬಿಡಿಸುವುದಕ್ಕಾಗಿ. ಅದೇ ವರ್ಷ ಮೈಸೂರು ಸಂಸ್ಥಾನವೂ ಸಹಕಾರ ಸಂಘಗಳ ಶಾಸನವನ್ನು ಮಾಡಿತು. ನೂರಿಪ್ಪತ್ತು ವರ್ಷಗಳ ತರುವಾಯ, ೨೦೨೫ರಲ್ಲಿ, ಕಿರುಸಾಲಗಳ ವಸೂಲಿಯ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಕಾನೂನು ಬಲಾತ್ಕಾರವನ್ನು ತಡೆಯಬಹುದು. ಹನ್ನೆರಡು ಎಂದು ಹೇಳಿದುದು ಇಪ್ಪತ್ತೊಂದೂವರೆ ಎಂಬುದನ್ನು ಸಾಲಪತ್ರಕ್ಕೆ ಸಹಿ ಹಾಕುವ ಮೊದಲೇ ಕಂಡುಕೊಳ್ಳಬೇಕಾದವರು ಮನೆಯವರು. ಆ ಮನೆಯಲ್ಲಿ ವಾಣಿಜ್ಯವನ್ನು ಓದುತ್ತಿರುವ ಮಗನೋ ಮಗಳೋ ಇದ್ದೂ ಆ ಲೆಕ್ಕವು ನಡೆಯದೆ ಹೋದರೆ, ಅಭ್ಯಾಸವು ಪರೀಕ್ಷೆಯಲ್ಲಿಯೇ ಮುಗಿದುಹೋಯಿತೆಂದು ಹೇಳಬೇಕಾಗುತ್ತದೆ.

೮

ಮೇಲಿನ ಪರಿಶೀಲನೆಯಿಂದ ಮೂರು ವಿಷಯಗಳು ತಿಳಿದುಬರುತ್ತವೆ. ಮೊದಲನೆಯದಾಗಿ, ವ್ಯವಹಾರಗಣಿತದ ಅಭ್ಯಾಸವು ಕನ್ನಡ ನಾಡಿಗೆ ವಿಶ್ವವಿದ್ಯಾನಿಲಯಗಳೊಡನೆ ಬಂದುದಲ್ಲ. ಅದು ಕನಿಷ್ಠಪಕ್ಷ ಒಂಬತ್ತನೆಯ ಶತಮಾನದಿಂದ ಇಲ್ಲಿನ ವಿದ್ಯೆಯ ಅಂಗವಾಗಿದೆ. ಎರಡನೆಯದಾಗಿ, ಹಳೆಯ ಉದ್ದೇಶಕಗಳ ಅಂಕಿಗಳು ಕಲ್ಪಿತವಾದರೂ ಅವುಗಳ ಸಂಬಂಧಗಳು ನಿಜವಾದ ವ್ಯವಹಾರದಿಂದ ಬಂದವು. ಆದುದರಿಂದ ಅವು ಇತಿಹಾಸಕ್ಕೆ ಎಚ್ಚರಿಕೆಯಿಂದ ಬಳಸಬಹುದಾದ ಆಧಾರಗಳು. ಮೂರನೆಯದಾಗಿ, ಒಳ್ಳೆಯ ಉದ್ದೇಶಕವು ಸೂತ್ರವನ್ನು ಪರೀಕ್ಷಿಸುವುದಕ್ಕಿಂತ ಹೆಚ್ಚಾಗಿ ವ್ಯವಹಾರದಲ್ಲಿ ಮರೆಯಾಗಿರುವ ಪಾಲನ್ನು ಕಾಣಿಸುತ್ತದೆ: ಬರೆದವನ ಕಾಲು ಪಾಲನ್ನು, ಕೀಳುಗೂಡಿನ ನಿಜವಾದ ಬೆಲೆಯನ್ನು, ಮನೆಯವರ ದುಡಿಮೆಯನ್ನು, ಕಂತಿನೊಳಗಿನ ಬಡ್ಡಿಯನ್ನು.

ಪಠ್ಯಪುಸ್ತಕದ ಲೆಕ್ಕಗಳನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಕಂಪನಿಯ ಅಂತಿಮ ಲೆಕ್ಕಪತ್ರವನ್ನೂ ಷೇರಿನ ಬೆಲೆಯನ್ನೂ ವಿದ್ಯಾರ್ಥಿಯು ಕಲಿಯಲೇಬೇಕು. ಅವನ ಜೀವನ ಕೂಟಗಲ್ಲಿನಲ್ಲಿಯೇ ಮುಗಿಯುವುದಿಲ್ಲ. ಅದರ ಜೊತೆಗೆ ಪ್ರತಿ ವರ್ಷವೂ ಪ್ರತಿಯೊಬ್ಬ ವಿದ್ಯಾರ್ಥಿಯು ತನ್ನ ಊರಿನ ಒಂದು ವ್ಯವಹಾರವನ್ನು ವಿಚಾರಿಸಿ, ಹೆಸರುಗಳನ್ನು ಬಿಟ್ಟು, ಅದನ್ನು ಒಂದು ಉದ್ದೇಶಕವಾಗಿ ಬರೆದು ತರಲಿ. ಮಿಕ್ಕವರು ಅದನ್ನು ಬಿಡಿಸಲಿ. ಗೂಡಿನ ಹರಾಜು, ಮಾವಿನ ತೋಟದ ಗುತ್ತಿಗೆ, ಚನ್ನಪಟ್ಟಣದ ಬೊಂಬೆಯ ಕೂಲಿ, ಚೀಟಿಯ ಕಸರು, ಸಂಘದ ಸಾಲ ಯಾವುದಾದರೂ ಆಗಬಹುದು. ಲೆಕ್ಕವನ್ನು ಬಿಡಿಸುವುದಕ್ಕಿಂತ ಕಟ್ಟುವುದು ಕಷ್ಟ. ಕಟ್ಟುವವನು ಯಾರಿಗೆ ಏನು ಸಲ್ಲುತ್ತದೆಂದು ಮೊದಲು ಕೇಳಬೇಕಾಗುತ್ತದೆ. ಹತ್ತು ವರ್ಷಗಳಲ್ಲಿ ಒಂದು ವಿಭಾಗದಲ್ಲಿ ಕೆಲವು ನೂರು ಉದ್ದೇಶಕಗಳು ಸೇರಿದರೆ, ಅವು ತರಗತಿಗೆ ಉಪಯುಕ್ತವಾಗುವುದಲ್ಲದೆ, ಈ ಸೀಮೆಯ ವ್ಯವಹಾರದ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಆಕರವೂ ಆಗುತ್ತವೆ. ಆ ಕೆಲಸವನ್ನು ಈ ವರ್ಷವೇ ಮೊದಲುಮಾಡಬಹುದು. ಅದಕ್ಕೆ ಬೇಕಾದುದು ಒಂದು ಕಾಗದ, ಒಂದು ಪೆನ್ನು, ಮತ್ತು ಮಹಾವೀರನು ಹೇಳಿದ ಅನಾಲಸ್ಯ.